ಪುಸ್ತಕ ಮುಚ್ಚಿದ ಮೇಲೆ ಎಷ್ಟು ಉಳಿಯಿತು?

(ಪ್ರಾಥಮಿಕ ಶಾಲೆಯ ಕೊನೆಯ ದೊಡ್ಡ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುತ್ತಿರುವ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಹಳ ಜನರ ಕೈಯಲ್ಲಿ ಪೆನ್ನು, ನೋಟ್‌ಬುಕ್ಕು ಕಾಣಿಸುತ್ತಿದೆ. ದಿನಕ್ಕೆ ಎಷ್ಟು ಗಂಟೆ ಓದಿಸಬೇಕು, ಯಾವ ಗೈಡ್ ತರಬೇಕು ಅಂತ ಬರೆದುಕೊಳ್ಳೋಣ ಎಂದು ಬಂದಿದ್ದೀರಿ ಅಂತ ಕಾಣುತ್ತೆ. ಆ ಎರಡಕ್ಕೂ ನಾನು ಉತ್ತರ ಕೊಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಬಳಿ ಇರುವುದು ಒಂದೇ ಮಾತು: ಮನೆಯಲ್ಲಿ ನಾವು ಮಗುವಿಗೆ ಎರಡನೇ ಮೇಷ್ಟ್ರಾಗಲು ಹೋಗಬಾರದು. ಮಗು ಹೇಳುವುದನ್ನು ಕೇಳಿಸಿಕೊಳ್ಳುವವರಾಗಬೇಕು, ಅದು ಮಾಡಿದ ತಪ್ಪನ್ನು ಓದುವವರಾಗಬೇಕು. ಇದು ಸುಲಭ ಅಂತ ಅನ್ನಿಸಿದರೆ ಇವತ್ತು ರಾತ್ರಿ ಅರ್ಧ ಗಂಟೆ ಪ್ರಯತ್ನಿಸಿ ನೋಡಿ. ಮಗು ತಪ್ಪು ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದಕ್ಕಿಂತ ಪಾಠ ಮಾಡುವುದೇ ಎಷ್ಟೋ ಸಲೀಸು.

ಹನ್ನೊಂದು ಹನ್ನೆರಡು ವರ್ಷದ ಮಗುವಿನ ಮುಂದೆ ದೊಡ್ಡ ಪರೀಕ್ಷೆಯನ್ನು ನಿಲ್ಲಿಸುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ನಂತರ 'ಇಲೆವೆನ್ ಪ್ಲಸ್' ಪರೀಕ್ಷೆ ಎಲ್ಲೆಡೆ ಹಬ್ಬಿತು. ಅದರಲ್ಲಿ ಗೆದ್ದವರು ಓದಿನಲ್ಲಿ ಮುಂದಿರುವ ಮಕ್ಕಳನ್ನು ಆಯ್ದು ಸೇರಿಸಿಕೊಳ್ಳುವ 'ಗ್ರಾಮರ್ ಶಾಲೆ'ಗೆ, ಉಳಿದವರು ಬೇರೆ ಶಾಲೆಗೆ. ಈಗ ಅದು ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಂಥ ಕೆಲವು ಕಡೆ ಮಾತ್ರ ಉಳಿದಿದೆ. ಸಿಂಗಪುರದಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಪರೀಕ್ಷೆ 1960ರಿಂದ ನಡೆಯುತ್ತಿದೆ. ಕೀನ್ಯಾ 1985ರಿಂದ ಇಂಥದೊಂದು ಪರೀಕ್ಷೆ ನಡೆಸಿ, 2023ರಲ್ಲಿ ಕೊನೆಯ ಬಾರಿ ನಡೆಸಿ ಕೈಬಿಟ್ಟಿತು. ಉಗಾಂಡದಲ್ಲಿ ಈಗಲೂ ಇದೆ. ಭಾರತದಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ 5 ಮತ್ತು 8ನೇ ತರಗತಿಯ ಕೊನೆಯಲ್ಲಿ ಪರೀಕ್ಷೆ ಇಡಲು, ಅನುತ್ತೀರ್ಣರಾದವರಿಗೆ ಎರಡು ತಿಂಗಳೊಳಗೆ ಮತ್ತೊಂದು ಅವಕಾಶ ಕೊಡಲು ದಾರಿ ಮಾಡಿತು. ಈ ವಯಸ್ಸಿಗೆ ಇಷ್ಟು ಭಾರ ಹೊರಿಸುವುದು ಸರಿಯೇ ಎಂದು ನೀವು ಕೇಳಿದರೆ, ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಪರೀಕ್ಷೆ ಬೇಕೋ ಬೇಡವೋ ಅನ್ನುವ ಚರ್ಚೆ ಮುಗಿಯುವ ತನಕ ನಿಮ್ಮ ಮಗು ಕಾಯುವ ಹಾಗಿಲ್ಲವಲ್ಲ.

ನಿಮ್ಮ ಮೊದಲ ಕೆಲಸ, ನಿಮ್ಮ ಮಗು ಬರೆಯುವ ಪರೀಕ್ಷೆಯಲ್ಲಿ ಅಂಕಗಳನ್ನು ಹೇಗೆ ಕೂಡಿಸುತ್ತಾರೆ ಎಂದು ತಿಳಿದುಕೊಳ್ಳುವುದು. ಇದು ಒಣ ವಿಷಯ, ಆದರೆ ಮನೆಯ ಅರ್ಧ ಜಗಳ ಇದರಿಂದಲೇ ನಿಲ್ಲುತ್ತದೆ. ಸಿಂಗಪುರವನ್ನೇ ನೋಡಿ. ಅಲ್ಲಿ ಮೊದಲು ಒಂದು ಮಗುವಿನ ಅಂಕವನ್ನು ಉಳಿದ ಮಕ್ಕಳ ಅಂಕದೊಂದಿಗೆ ತೂಗಿ ನೋಡುತ್ತಿದ್ದರು. 2021ರಿಂದ ಪ್ರತಿ ವಿಷಯಕ್ಕೂ 1ರಿಂದ 8ರವರೆಗೆ ಎಂಟು ಮಟ್ಟಗಳನ್ನು ಇಟ್ಟಿದ್ದಾರೆ. 90 ಮತ್ತು ಅದಕ್ಕಿಂತ ಮೇಲೆ ಬಂದವರೆಲ್ಲ ಮೊದಲ ಮಟ್ಟ. 65ರಿಂದ 74ರವರೆಗೆ ಐದನೆಯದು, 45ರಿಂದ 64 ಆರನೆಯದು. ನಾಲ್ಕು ವಿಷಯಗಳ ಮಟ್ಟವನ್ನು ಕೂಡಿಸಿದರೆ 4 ಅತ್ಯುತ್ತಮ, 32 ಕೊನೆಯದು. ಈಗ ಹೇಳಿ, ಗಣಿತದಲ್ಲಿ 92 ತೆಗೆಯುವ ಮಗುವನ್ನು 98ಕ್ಕೆ ಏರಿಸಲು ಆರು ತಿಂಗಳು ಒದ್ದಾಡಿದರೆ ಸಿಗುವುದೇನು? ಸೊನ್ನೆ. ಅದೇ ಮಗು ಭಾಷೆಯಲ್ಲಿ 62ರಿಂದ 66ಕ್ಕೆ ಬಂದರೆ ಒಂದು ಮಟ್ಟವೇ ಮೇಲೇರುತ್ತದೆ. ಉಗಾಂಡದಲ್ಲೂ ನಾಲ್ಕು ವಿಷಯಗಳ ದರ್ಜೆಗಳನ್ನು ಕೂಡಿಸುತ್ತಾರೆ, ಅಲ್ಲೂ ಮೊತ್ತ ಕಡಿಮೆಯಾದಷ್ಟೂ ಒಳ್ಳೆಯದು. ನಿಮ್ಮಲ್ಲಿ ಬರೀ ಒಟ್ಟು ಅಂಕ ನೋಡುತ್ತಾರೋ, ಶ್ರೇಣಿಯೋ, ಪ್ರತಿ ವಿಷಯದಲ್ಲೂ ಕನಿಷ್ಠ ಇಷ್ಟು ಬರಲೇಬೇಕು ಅನ್ನುವ ನಿಯಮವೋ? ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ. ಎಲ್ಲಿ ದುಡಿದರೆ ಫಲವಿದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಮಗುವಿಗೆ ಇಷ್ಟವಾದ ವಿಷಯವನ್ನೇ ಮತ್ತೆ ಮತ್ತೆ ಓದಿಸಿ ಖುಷಿಪಡುವ ಅಭ್ಯಾಸ ನಮಗೆಲ್ಲ ಇದೆ. ಮಗುವಿಗೂ ಅದು ಹಿತ, ನಮಗೂ ಹಿತ. ಅಂಕಪಟ್ಟಿಗೆ ಮಾತ್ರ ಏನೂ ಸೇರುವುದಿಲ್ಲ.

ಇನ್ನು ಓದಿನ ವಿಷಯ.

ಮಗು ಪುಸ್ತಕ ತೆರೆದುಕೊಂಡು ಒಂದು ಪಾಠವನ್ನು ನಾಲ್ಕು ಸಲ ಓದಿತು ಅಂದುಕೊಳ್ಳಿ. ನಾಲ್ಕನೇ ಸಲ ಓದುವಾಗ ಎಲ್ಲವೂ ಪರಿಚಿತ. 'ಬರುತ್ತೆ ಅಮ್ಮಾ' ಅನ್ನುತ್ತೆ. ಸುಳ್ಳಲ್ಲ, ಅದಕ್ಕೆ ಹಾಗೇ ಅನ್ನಿಸುತ್ತಿರುತ್ತದೆ. ಕಂಡದ್ದನ್ನು ಗುರುತು ಹಿಡಿಯುವುದು ಬೇರೆ, ಕಾಣದಿದ್ದಾಗ ನೆನಪಿನಿಂದ ಹೊರಗೆಳೆಯುವುದು ಬೇರೆ. ಪರೀಕ್ಷೆಯ ಕೊಠಡಿಯಲ್ಲಿ ಕೇಳುವುದು ಎರಡನೆಯದನ್ನು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಏನನ್ನೂ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ, ಶೇಕಡಾ 83, ಬರೆದವರಿಗೆ 71. ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು. ಓದಿದವರಿಗೆ 40 ಉಳಿದಿತ್ತು, ನೆನಪಿನಿಂದ ಬರೆದವರಿಗೆ 61. ತಮಾಷೆ ಏನೆಂದರೆ, ವಾರದ ನಂತರ ಎಷ್ಟು ನೆನಪಿರುತ್ತೆ ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಉತ್ತರಿಸಿದವರು ಬರೀ ಓದಿದ ಗುಂಪಿನವರೇ.

ಹಾಗಾಗಿ ಮನೆಯಲ್ಲಿ 'ಓದಿದೆಯಾ?' ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಅದಕ್ಕೆ ಬರುವ ಉತ್ತರ ಯಾವಾಗಲೂ 'ಹೂಂ'. ಅದರ ಬದಲು ಪುಸ್ತಕ ಮುಚ್ಚಿಸಿ, 'ಈ ಪಾಠದಲ್ಲಿ ಏನಿತ್ತು, ಹೇಳು' ಅನ್ನಿ. ಒಂದು ಹಾಳೆ ಕೊಟ್ಟು ನೆನಪಿದ್ದದ್ದನ್ನೆಲ್ಲ ಬರೆಸಿ. ವಾಕ್ಯವೇ ಆಗಬೇಕಿಲ್ಲ, ತುಂಡು ಪದ ಸಾಕು, ಚಿತ್ರವೂ ಆದೀತು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಮಗುವೇ ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲಿ. ನಾಳೆ ಓದಬೇಕಾದದ್ದು ಆ ಬೇರೆ ಬಣ್ಣದ ಭಾಗ ಮಾತ್ರ. ಮೊದಲ ಕೆಲವು ದಿನ ಮಗುವಿಗೆ ಇದು ಸಿಟ್ಟು ತರಿಸುತ್ತದೆ, ಯಾಕೆಂದರೆ ತನಗೆ ಗೊತ್ತಿಲ್ಲ ಅನ್ನುವುದು ಬಿಳಿ ಹಾಳೆಯ ಮೇಲೆ ಎದ್ದು ಕಾಣುತ್ತದೆ. ಆ ಸಿಟ್ಟನ್ನು ಸಹಿಸಿಕೊಳ್ಳಬೇಕು.

ಮರೆವಿನ ಬಗ್ಗೆಯೂ ಒಂದು ಮಾತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಎಂದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ರಭಸವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ನಡುವೆ ದಿನ ಬಿಟ್ಟು ಮತ್ತೆ ನೆನಪಿಸಿಕೊಂಡರೆ ಒಂದೇ ದಿನ ಗುಡ್ಡೆ ಹಾಕಿ ಓದಿದ್ದಕ್ಕಿಂತ ಹೆಚ್ಚು ನಿಲ್ಲುತ್ತದೆ. ಭಾನುವಾರ ಪೂರ್ತಿ ವಿಜ್ಞಾನ, ಮುಂದಿನ ಭಾನುವಾರ ಪೂರ್ತಿ ಸಮಾಜ ಅನ್ನುವ ಏರ್ಪಾಡು ನೋಡಲು ಚೆಂದ, ಆದರೆ ಎರಡನೇ ಭಾನುವಾರದ ಹೊತ್ತಿಗೆ ಮೊದಲನೆಯದು ಸೋರಿಹೋಗಿರುತ್ತದೆ. ಇವತ್ತು ಕಲಿತದ್ದನ್ನು ನಾಳೆ ಐದು ನಿಮಿಷ, ನಾಲ್ಕು ದಿನ ಬಿಟ್ಟು ಐದು ನಿಮಿಷ, ಎರಡು ವಾರ ಬಿಟ್ಟು ಮತ್ತೆ ಐದು ನಿಮಿಷ ಕೇಳಿ. ದಿನಗಳ ಲೆಕ್ಕ ಹೀಗೇ ಇರಬೇಕೆಂದಿಲ್ಲ, ಅಂತರ ಹಿಗ್ಗುತ್ತಾ ಹೋಗಲಿ.

ಗಣಿತಕ್ಕೆ ಇನ್ನೊಂದು ಸೇರಿಸಬೇಕು. ಪಠ್ಯಪುಸ್ತಕದ ಅಭ್ಯಾಸದಲ್ಲಿ ಭಿನ್ನರಾಶಿಯ ಪಾಠದ ಕೊನೆಗೆ ಬರೀ ಭಿನ್ನರಾಶಿ, ಸುತ್ತಳತೆಯ ಪಾಠದ ಕೊನೆಗೆ ಬರೀ ಸುತ್ತಳತೆ. ಮಗುವಿಗೆ ಲೆಕ್ಕ ಓದದೆಯೇ ಏನು ಮಾಡಬೇಕೆಂದು ಗೊತ್ತು. ಇದು ಸುತ್ತಳತೆಯ ಪುಟ ತಾನೇ? ಪರೀಕ್ಷೆಯಲ್ಲಿ ಹಾಗೆ ಯಾರೂ ಹೇಳಿಕೊಡುವುದಿಲ್ಲ. ಸುತ್ತಳತೆಯೋ ವಿಸ್ತೀರ್ಣವೋ ಎಂದು ಮಗುವೇ ತೀರ್ಮಾನಿಸಬೇಕು. ಡಗ್ ರೋರರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7ನೇ ತರಗತಿಯ ಮಕ್ಕಳಿಗೆ ಅವೇ ಲೆಕ್ಕಗಳನ್ನು ಎರಡು ರೀತಿಯಲ್ಲಿ ಕೊಟ್ಟರು, ಒಂದು ಬಗೆ ಮುಗಿದ ಮೇಲೆ ಇನ್ನೊಂದು, ಇಲ್ಲವೇ ಬೇರೆ ಬೇರೆ ಬಗೆಗಳನ್ನು ಕಲಸಿ. ಪುನರಾವರ್ತನೆಯ ಪಾಠವಾದ ಮರುದಿನದ ಪರೀಕ್ಷೆಯಲ್ಲಿ ಕಲಸಿ ಮಾಡಿದವರಿಗೆ ಶೇಕಡಾ 80, ಸಾಲಾಗಿ ಮಾಡಿದವರಿಗೆ 64. ತಿಂಗಳ ನಂತರ 74 ಮತ್ತು 42. ಇದಕ್ಕೆ ಹೊಸ ಪುಸ್ತಕ ಬೇಡ. ಹಳೆಯ ಬೇರೆ ಬೇರೆ ಪಾಠಗಳಿಂದ ಒಂದೊಂದು ಲೆಕ್ಕ ಆಯ್ದು ದಿನಕ್ಕೆ ಆರು ಲೆಕ್ಕದ ಹಾಳೆ ಮಾಡಿ. ಮೊದಮೊದಲು ಮಗು ಹೆಚ್ಚು ತಪ್ಪು ಮಾಡುತ್ತೆ. ಅದನ್ನು ನೋಡಿ ಹಳೆಯ ಪದ್ಧತಿಗೇ ಹಿಂದಿರುಗುವವರು ಬಹಳ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ತಪ್ಪುಗಳು.

ತಿದ್ದಿದ ಉತ್ತರಪತ್ರಿಕೆ ಮನೆಗೆ ಬಂದಾಗ ನಾವು ನೋಡುವುದು ಮೇಲಿನ ಮೂಲೆಯ ಅಂಕ. ಅದನ್ನು ನೋಡಿ ಮುಖ ಅರಳುತ್ತದೆ ಅಥವಾ ಬಾಡುತ್ತದೆ, ಪತ್ರಿಕೆ ಚೀಲ ಸೇರುತ್ತದೆ. ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಸುವ ಇದಕ್ಕಿಂತ ಒಳ್ಳೆಯ ದಾಖಲೆ ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ. ತಪ್ಪೆಲ್ಲ ಒಂದೇ ಜಾತಿಯದಲ್ಲ. ಗೊತ್ತೇ ಇಲ್ಲದ್ದು ಒಂದು. ಗೊತ್ತಿದ್ದೂ ಪ್ರಶ್ನೆಯನ್ನು ಸರಿಯಾಗಿ ಓದದ್ದು ಇನ್ನೊಂದು. ಸಮಯ ಸಾಲದೆ ಬಿಟ್ಟದ್ದು ಮತ್ತೊಂದು. ಇವೆಲ್ಲಕ್ಕಿಂತ ಅಪಾಯದ್ದು, ತಪ್ಪಾದ ಒಂದು ನಿಯಮವನ್ನು ಸರಿ ಎಂದೇ ನಂಬಿ, ಶ್ರದ್ಧೆಯಿಂದ, ಪ್ರತಿ ಸಲವೂ ಹಾಗೇ ಮಾಡುವುದು.

ನಾವು ಎಲ್ಲಕ್ಕೂ 'ಸಿಲ್ಲಿ ಮಿಸ್ಟೇಕ್' ಎಂದು ಒಂದೇ ಹಣೆಪಟ್ಟಿ ಅಂಟಿಸುತ್ತೇವೆ. 5003ರಲ್ಲಿ 1847 ಕಳೆ ಅಂದರೆ ಮಗು 4844 ಎಂದು ಬರೆಯಿತು. ಇದು ಸಿಲ್ಲಿ ಅಲ್ಲ. ಗಮನಿಸಿ ನೋಡಿ: 3 ಮತ್ತು 7ಕ್ಕೆ 4, 0 ಮತ್ತು 4ಕ್ಕೆ 4, 0 ಮತ್ತು 8ಕ್ಕೆ 8, 5 ಮತ್ತು 1ಕ್ಕೆ 4. ಯಾವ ಸ್ಥಾನದಲ್ಲಾದರೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಮಗು ತಾನೇ ಮಾಡಿಕೊಂಡಿದೆ, ಅದನ್ನು ಚಾಚೂ ತಪ್ಪದೆ ಪಾಲಿಸಿದೆ. 'ಹುಷಾರಾಗಿ ಮಾಡು' ಅಂದರೆ ಇನ್ನೂ ಹುಷಾರಾಗಿ 4844 ಬರೆಯುತ್ತದೆ. ಸರಿಯಾದ ಉತ್ತರ 3156 ಎಂದು ಹೇಳಿಕೊಡುವುದರಿಂದಲೂ ಏನೂ ಆಗುವುದಿಲ್ಲ. 4844ಕ್ಕೆ 1847 ಕೂಡಿಸು, 5003 ಬರುತ್ತಾ ನೋಡು ಎನ್ನಿ. ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಮಗುವೇ ಹುಡುಕಲು ಆಗ ಕಾರಣ ಸಿಗುತ್ತದೆ.

0.45 ದೊಡ್ಡದೋ 0.6 ದೊಡ್ಡದೋ? 45, 6ಕ್ಕಿಂತ ದೊಡ್ಡದಲ್ಲವೇ ಎನ್ನುವ ಮಗು ಪೂರ್ಣಸಂಖ್ಯೆಯ ನಿಯಮವನ್ನು ದಶಮಾಂಶಕ್ಕೆ ಹೊತ್ತು ತಂದಿದೆ. ಮೂರನೇ ಎರಡು ಭಾಗಕ್ಕೆ ನಾಲ್ಕನೇ ಒಂದು ಭಾಗ ಕೂಡಿಸು ಅಂದರೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 3/7 ಬರೆಯುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ. ಅಲ್ಲಿ ನಿಯಮ ಹೇಳಬೇಡಿ, ಒಂದು ಪ್ರಶ್ನೆ ಕೇಳಿ: 'ಮೂರನೇ ಎರಡು ಅಂದರೆ ಅರ್ಧಕ್ಕಿಂತ ಹೆಚ್ಚು. ಅದಕ್ಕೆ ಇನ್ನಷ್ಟು ಸೇರಿಸಿದೆ. ಉತ್ತರ ಅರ್ಧಕ್ಕಿಂತ ಕಡಿಮೆ ಬಂತಲ್ಲ, ಹೇಗೆ?' ಮಗು ನಿಂತು ಯೋಚಿಸುತ್ತದೆ. ಆ ಯೋಚನೆ ನಡೆಯುವ ಅರ್ಧ ನಿಮಿಷ ನೀವು ಸುಮ್ಮನಿರಬೇಕು, ಅಷ್ಟೇ.

ಮಾತಿನ ಲೆಕ್ಕಗಳಲ್ಲಿ ಇದು ಇನ್ನೂ ಸ್ವಾರಸ್ಯ. 'ಅಕ್ಕನ ಬಳಿ 24 ಪುಸ್ತಕಗಳಿವೆ. ಇದು ತಮ್ಮನ ಬಳಿ ಇರುವುದಕ್ಕಿಂತ 6 ಹೆಚ್ಚು. ತಮ್ಮನ ಬಳಿ ಎಷ್ಟು?' ಬಹಳ ಮಕ್ಕಳು 30 ಬರೆಯುತ್ತಾರೆ. 'ಹೆಚ್ಚು' ಕಂಡ ಕೂಡಲೇ ಕೂಡಿಸು, 'ಉಳಿದ' ಕಂಡ ಕೂಡಲೇ ಕಳೆ ಎಂದು ನಾವೇ ಕಲಿಸಿಕೊಟ್ಟ ಅಡ್ಡದಾರಿ ಇಲ್ಲಿ ಕೈಕೊಡುತ್ತದೆ. ಕೀಲಿಪದ ಹುಡುಕುವ ಈ ವಿದ್ಯೆಯನ್ನು ದಯವಿಟ್ಟು ಹೇಳಿಕೊಡಬೇಡಿ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಆ ಅಡ್ಡದಾರಿ ಚೆನ್ನಾಗಿ ಗೊತ್ತು.

ಇನ್ನೊಂದು ಲೆಕ್ಕ. ಒಬ್ಬ ಹುಡುಗ ಪುಸ್ತಕದ ಮೂರನೇ ಒಂದು ಭಾಗವನ್ನು ಮೊದಲ ದಿನ ಓದಿದ. ಉಳಿದದ್ದರ ನಾಲ್ಕನೇ ಒಂದು ಭಾಗವನ್ನು ಎರಡನೇ ದಿನ ಓದಿದ. ಇನ್ನೂ 60 ಪುಟ ಬಾಕಿ. ಪುಸ್ತಕದಲ್ಲಿ ಎಷ್ಟು ಪುಟ? 'ಉಳಿದದ್ದರ' ಎಂಬುದನ್ನು ಬಿಟ್ಟು ಓದಿದ ಮಗು ಮೂರನೇ ಒಂದು, ನಾಲ್ಕನೇ ಒಂದು ಎರಡನ್ನೂ ಇಡೀ ಪುಸ್ತಕದಿಂದಲೇ ಕಳೆಯುತ್ತದೆ. ಹನ್ನೆರಡನೇ ಐದು ಭಾಗ ಉಳಿಯಿತು, ಅದು 60 ಪುಟ, ಹಾಗಾದರೆ ಪುಸ್ತಕ 144 ಪುಟ. ಎಷ್ಟು ಚೊಕ್ಕವಾಗಿ ಬಂತು ನೋಡಿ! ಉತ್ತರ ಪೂರ್ಣಸಂಖ್ಯೆಯಲ್ಲಿ ಬಂದರೆ ಸರಿ ಇರಲೇಬೇಕು ಎಂದು ಮಗು ನಂಬುತ್ತದೆ, ನಾವೂ ನಂಬುತ್ತೇವೆ. ಸರಿಯಾದ ಉತ್ತರ 120. ಇಂಥ ಲೆಕ್ಕಗಳಿಗೆ ಸಿಂಗಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಿಂದ ಉದ್ದನೆಯ ಪಟ್ಟಿಯ ಚಿತ್ರ ಬರೆದು ಬಿಡಿಸುವ ರೂಢಿ ಇದೆ. ಒಂದು ಉದ್ದ ಪಟ್ಟಿ ಬರೆದು ಮೂರು ಭಾಗ ಮಾಡು, ಒಂದನ್ನು ಗೀಚಿಬಿಡು. ಉಳಿದ ಉದ್ದವನ್ನು ನಾಲ್ಕು ಸಮಭಾಗ ಮಾಡು, ಒಂದನ್ನು ಗೀಚಿಬಿಡು. ಉಳಿದ ಮೂರು ತುಂಡು ಸೇರಿ 60, ಒಂದು ತುಂಡು 20, ನಾಲ್ಕು ತುಂಡು 80. ಆ 80 ಇಡೀ ಪಟ್ಟಿಯ ಮೂರನೇ ಎರಡು ಭಾಗ. ಬೀಜಗಣಿತ ಬಾರದ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ನಾನು ಕಂಡಿಲ್ಲ. ಇದರಲ್ಲಿ 'ಉಳಿದದ್ದರ' ಎಂಬುದನ್ನು ಬಿಟ್ಟು ಓದಲು ಆಗುವುದೇ ಇಲ್ಲ, ಯಾಕೆಂದರೆ ಅದನ್ನು ಕೈಯಲ್ಲಿ ಬರೆಯಬೇಕು.

ವಿಜ್ಞಾನದಲ್ಲಿ ಅಂಕ ಹೋಗುವುದು ಬೇರೆ ಕಾರಣಕ್ಕೆ. ತಣ್ಣೀರಿನ ಲೋಟದ ಹೊರಗೆ ಹನಿ ಯಾಕೆ ಮೂಡುತ್ತದೆ ಎಂದು ಕೇಳಿದರೆ 'ನೀರು ತಣ್ಣಗಿರುವುದರಿಂದ' ಎಂದು ಬರೆದು ಮುಂದೆ ಹೋಗುತ್ತಾರೆ. ಮಗುವಿನ ಮನಸ್ಸಿನಲ್ಲಿ ವಿಷಯ ಪೂರ್ತಿ ಇದೆ, ಹಾಳೆಯ ಮೇಲೆ ಮಾತ್ರ ಕಾಲು ಭಾಗ. ಗಾಳಿಯಲ್ಲಿ ನೀರಾವಿ ಇದೆ, ಅದು ಲೋಟದ ತಣ್ಣನೆಯ ಹೊರಮೈಗೆ ತಾಗುತ್ತದೆ, ಶಾಖ ಕಳೆದುಕೊಂಡು ಸಾಂದ್ರೀಕರಣಗೊಂಡು ಹನಿಯಾಗುತ್ತದೆ. ಕೊಂಡಿಗಳೆಲ್ಲ ಬಂದರೆ ಪೂರ್ತಿ ಅಂಕ. ಇದಕ್ಕೆ ಮದ್ದು ಬಾಯಿಪಾಠವಲ್ಲ. ಮಗು ಉತ್ತರ ಹೇಳಿದ ಮೇಲೆ 'ಅದು ಹೇಗೆ?' ಎಂದು ಕೇಳಿ, ಅದಕ್ಕೆ ಹೇಳಿದ ಮೇಲೆ ಮತ್ತೆ 'ಆ ನೀರು ಎಲ್ಲಿಂದ ಬಂತು?' ಎಂದು ಕೇಳಿ. ಪೆದ್ದನ ಹಾಗೆ ಕೇಳುತ್ತಾ ಹೋದರೆ ಸಾಕು.

ತಪ್ಪುಗಳಿಗೇ ಒಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಅದರಲ್ಲಿ ಪ್ರಶ್ನೆ, ಯಾಕೆ ತಪ್ಪಿತು ಎಂಬುದು ಮಗುವಿನದೇ ಮಾತಿನಲ್ಲಿ ಒಂದು ಸಾಲು, ಹತ್ತು ದಿನ ಬಿಟ್ಟು ಮತ್ತೆ ಬಿಡಿಸಿದ್ದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದರ ಹಿಂದೊಂದು ಬರೆಸುವ ಚಟ ಬಹಳ ಮನೆಗಳಲ್ಲಿದೆ. ಒಂದು ಪತ್ರಿಕೆ ಬರೆಸಿ ಅದರ ತಪ್ಪುಗಳ ಮೇಲೆ ಎರಡು ದಿನ ಕೂರುವುದು, ಆ ಎರಡು ದಿನದಲ್ಲಿ ಇನ್ನೂ ಎರಡು ಪತ್ರಿಕೆ ಬರೆಸುವುದಕ್ಕಿಂತ ಮೇಲು. ಟ್ಯೂಷನ್ನಿಗೂ ಇದೇ ಅಳತೆಗೋಲು ಹಿಡಿಯಿರಿ. ಅಲ್ಲಿ ಮಗುವಿನ ತಪ್ಪನ್ನು ನೋಡಿ ಮಾತಾಡುವವರು ಇದ್ದರೆ ಕಳಿಸಿ. ಇನ್ನೊಂದು ಕಂತೆ ಹೋಂವರ್ಕ್ ಹೊರಿಸಿ ಕಳಿಸುವವರಾದರೆ ಆ ಹೊತ್ತು ಮನೆಯಲ್ಲಿ ಆಡಲು ಬಿಡುವುದೇ ವಾಸಿ.

ಈಗ ನಮ್ಮ ಬಗ್ಗೆ. ಗಣಿತ ಅಂದರೆ ಭಯ ಇರುವ ತಂದೆ ತಾಯಿ ಮಗುವಿನ ಹೋಂವರ್ಕ್‌ಗೆ ಆಗಾಗ ನೆರವಾದರೆ ಏನಾಗುತ್ತದೆ ಎಂದು ಎರಿನ್ ಮಲೋನಿ, ಸಯಾನ್ ಬೈಲಾಕ್ ಮೊದಲಾದವರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮತ್ತು ಎರಡನೇ ತರಗತಿಯ ಮಕ್ಕಳು ಅವರು. ಅಂಥ ಮನೆಯ ಮಕ್ಕಳು ವರ್ಷದಲ್ಲಿ ಗಣಿತ ಕಲಿತದ್ದು ಕಡಿಮೆ, ವರ್ಷದ ಕೊನೆಗೆ ಅವರಲ್ಲಿ ಗಣಿತದ ಭಯವೂ ಹೆಚ್ಚು. ಭಯವಿದ್ದೂ ಹೋಂವರ್ಕ್‌ಗೆ ಹೆಚ್ಚು ಕೈಹಾಕದ ತಂದೆ ತಾಯಿಯ ಮಕ್ಕಳಿಗೆ ಹಾಗಾಗಿರಲಿಲ್ಲ. 'ನನಗೂ ಲೆಕ್ಕ ಬರ್ತಿರಲಿಲ್ಲ ಬಿಡು' ಎಂದು ಸಮಾಧಾನಕ್ಕೆ ಹೇಳುವ ಮಾತು, ಪೆನ್ಸಿಲ್ ಕಿತ್ತುಕೊಂಡು 'ಹೀಗೆ ಮಾಡೋ' ಎನ್ನುವ ಅವಸರ, ಉತ್ತರ ತಪ್ಪಾದಾಗ ಬಿಡುವ ನಿಟ್ಟುಸಿರು, ಎಲ್ಲವನ್ನೂ ಮಗು ಗಮನಿಸುತ್ತಿರುತ್ತದೆ. ಹಾಗಾಗಿ ನಿಮಗೆ ಒಂದು ವಿಷಯದ ಭಯವಿದ್ದರೆ ಅದನ್ನು ಕಲಿಸಲು ಹೋಗಬೇಡಿ. ಕೇಳಿಸಿಕೊಳ್ಳಿ. ಕೇಳಿಸಿಕೊಳ್ಳಲು ಗಣಿತ ಬರಬೇಕಿಲ್ಲ.

ಹೊಗಳಿಕೆಯೂ ಅಪಾಯವೇ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ನಾವು ಮಾತಾಡುತ್ತಿರುವ ವಯಸ್ಸಿನ, 5ನೇ ತರಗತಿಯ ಮಕ್ಕಳ ಮೇಲೆ ನಡೆದವು. ಒಗಟು ಬಿಡಿಸುವ ಮೊದಲ ಸುತ್ತಿನಲ್ಲಿ ಚೆನ್ನಾಗಿ ಮಾಡಿದ ಕೆಲವರಿಗೆ 'ನೀನು ಜಾಣ' ಎಂದರು, ಕೆಲವರಿಗೆ 'ಚೆನ್ನಾಗಿ ಶ್ರಮಪಟ್ಟಿದ್ದೀಯ' ಎಂದರು. ಜಾಣ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ್ದನ್ನೇ ಆರಿಸಿಕೊಂಡರು, ಕಷ್ಟದ ಸುತ್ತಿನಲ್ಲಿ ಸೋತ ಮೇಲೆ ಅವರ ಆಟ ಮೊದಲಿಗಿಂತ ಕುಸಿಯಿತು, ತಮ್ಮ ಅಂಕವನ್ನು ಹೆಚ್ಚಿಸಿ ಸುಳ್ಳು ಹೇಳಿದವರೂ ಅವರಲ್ಲೇ ಹೆಚ್ಚು. ಇಷ್ಟಕ್ಕೇ 'ಶ್ರಮ, ಶ್ರಮ' ಎಂದು ಮಂತ್ರ ಜಪಿಸಲು ಶುರುಮಾಡಬೇಡಿ, ಮಕ್ಕಳಿಗೆ ಅದರ ಟೊಳ್ಳೂ ಗೊತ್ತಾಗುತ್ತೆ. 'ಪಟ್ಟಿ ಬರೆದು ನೋಡಿದೆಯಲ್ಲ, ಅದಕ್ಕೇ ಸಿಕ್ಕಿತು' ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿ.

ನಿದ್ದೆಯ ವಿಷಯದಲ್ಲಿ ಚೌಕಾಸಿ ಇಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಹನ್ನೊಂದು ಗಂಟೆಯ ತನಕ ಓದಿಸಿ ಐದಕ್ಕೆ ಎಬ್ಬಿಸುವ ಮನೆ, ಹಗಲು ತುಂಬಿದ್ದನ್ನು ರಾತ್ರಿ ಚೆಲ್ಲುತ್ತಿದೆ.

ಪರೀಕ್ಷಾ ಕೊಠಡಿಯ ಬಗ್ಗೆ ಚಿಕ್ಕದಾಗಿ. ಎರಡು ಗಂಟೆ, ನೂರು ಅಂಕದ ಪತ್ರಿಕೆ ಅಂದುಕೊಳ್ಳಿ. ಕೊನೆಯ 15 ನಿಮಿಷ ತೆಗೆದಿಟ್ಟರೆ ಅಂಕಕ್ಕೆ ಒಂದು ನಿಮಿಷ ಸಿಗುತ್ತದೆ. 2 ಅಂಕದ ಪ್ರಶ್ನೆಗೆ 4 ನಿಮಿಷ ದಾಟಿದರೆ ಗುರುತು ಹಾಕಿ ಮುಂದೆ ಹೋಗಬೇಕು. ಬಿಟ್ಟು ಮುಂದೆ ಹೋಗುವುದು ಬುದ್ಧಿವಂತ ಮಕ್ಕಳಿಗೇ ಬಹಳ ಕಷ್ಟ, ಅವರಿಗೆ ಅದು ಸೋಲಿನ ಹಾಗೆ ಕಾಣುತ್ತದೆ. ಹಾಗಾಗಿ ಮನೆಯಲ್ಲೇ ಗಡಿಯಾರ ಇಟ್ಟು, ಬಿಡುವುದನ್ನು ಅಭ್ಯಾಸ ಮಾಡಿಸಬೇಕು. ಕೊನೆಯ 15 ನಿಮಿಷ ಬರೆದದ್ದನ್ನು ಮತ್ತೆ ಓದುವುದರಲ್ಲಿ ಕಳೆಯಬಾರದು, ನಮ್ಮ ಬರಹ ನಮಗೆ ಯಾವಾಗಲೂ ಸರಿಯಾಗೇ ಕಾಣುತ್ತದೆ. ಕಳೆದದ್ದನ್ನು ಕೂಡಿಸಿ ನೋಡಬೇಕು, ಭಾಗಿಸಿದ್ದನ್ನು ಗುಣಿಸಿ ನೋಡಬೇಕು, ಪ್ರಶ್ನೆಯ ಕೊನೆಯ ಸಾಲನ್ನು ಮಾತ್ರ ಓದಿ ಕೇಳಿದ್ದಕ್ಕೇ ಉತ್ತರಿಸಿದ್ದೇನೆಯೇ ಎಂದು ನೋಡಬೇಕು.

ಸಭಿಕರ ಪ್ರಶ್ನೆಗಳು

'ಮಗಳು ಪುಸ್ತಕ ಮುಚ್ಚಿದರೆ ಅಳುತ್ತಾಳೆ, ಏನು ಮಾಡಲಿ?' ಎಂದು ತಾಯಿಯೊಬ್ಬರು ಕೇಳಿದರು.

ಅಳುತ್ತಿದ್ದರೆ ನೀವು ಕೇಳಿದ್ದು ದೊಡ್ಡದಾಯಿತು ಅಂತ ಅರ್ಥ. ಇಡೀ ಪಾಠ ಬೇಡ, ಒಂದು ಪುಟ ಸಾಕು. ಪುಟವೂ ಬೇಡ ಅಂದರೆ ಒಂದು ಚಿತ್ರ ನೋಡಿ ಮುಚ್ಚಿ, ಅದರಲ್ಲಿ ಏನಿತ್ತು ಎಂದು ಕೇಳಿ. ಜೊತೆಗೆ ನೀವೂ ಬರೆಯಿರಿ. ಇಬ್ಬರೂ ಓದಿ, ಇಬ್ಬರೂ ಮುಚ್ಚಿ, ಇಬ್ಬರೂ ನೆನಪಿದ್ದದ್ದನ್ನು ಬರೆದು ಹೋಲಿಸಿ. ನಿಮ್ಮ ಹಾಳೆಯಲ್ಲಿ ಎಷ್ಟು ಕಡಿಮೆ ಇರುತ್ತದೆ ಎಂದು ಕಂಡಾಗ ಅವಳ ಅಳು ನಿಲ್ಲುವ ಸಾಧ್ಯತೆ ಹೆಚ್ಚು.

'ನನಗೆ ಓದು ಬರಹ ಅಷ್ಟು ಬರಲ್ಲ. ಮೊಮ್ಮಗನಿಗೆ ನನ್ನಿಂದ ಏನಾದೀತು?' ಇದು ಹಿಂದೆ ಕೂತಿದ್ದ ಅಜ್ಜಿಯೊಬ್ಬರ ಪ್ರಶ್ನೆ.

ಅಜ್ಜೀ, ಇಷ್ಟು ಹೊತ್ತು ನಾನು ಹೇಳಿದ ಕೆಲಸಕ್ಕೆ ಈ ಸಭೆಯಲ್ಲಿ ನಿಮ್ಮಷ್ಟು ತಕ್ಕವರು ಇಲ್ಲ. ನಮಗೆ ಉತ್ತರ ಗೊತ್ತಿರುವುದರಿಂದ ಮಗು ಅರ್ಧ ಹೇಳಿದ ಕೂಡಲೇ ಉಳಿದರ್ಧವನ್ನು ನಾವೇ ತುಂಬಿಕೊಂಡು 'ಸರಿ' ಅಂದುಬಿಡುತ್ತೇವೆ. ನಿಮಗೆ ಅರ್ಥವಾಗದ್ದಕ್ಕೆ 'ಹಂಗಂದ್ರೇನಪ್ಪಾ?' ಅನ್ನಿ. ನಿಮಗೆ ತಿಳಿಯುವ ಹಾಗೆ ಹೇಳಲು ಅವನು ಪಾಠವನ್ನು ತಲೆಯಲ್ಲಿ ಮತ್ತೆ ಕಟ್ಟಬೇಕಾಗುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು.

'ಪರೀಕ್ಷೆಗೆ ಇನ್ನು ಮೂರೇ ವಾರ ಇದೆ. ಈಗ ಇದೆಲ್ಲ ಶುರುಮಾಡಿ ಪ್ರಯೋಜನ ಇದೆಯೇ?'

ಎಲ್ಲವನ್ನೂ ಮಾಡಲು ಹೋಗಬೇಡಿ. ಕಳೆದ ಮೂರು ನಾಲ್ಕು ಪರೀಕ್ಷೆಗಳ ಪತ್ರಿಕೆಗಳನ್ನು ಹೊರಗೆ ತೆಗೆದು, ಮತ್ತೆ ಮತ್ತೆ ಬಂದಿರುವ ತಪ್ಪು ಯಾವುದು ನೋಡಿ. ಅಂಥವು ಎರಡೋ ಮೂರೋ ಸಿಗುತ್ತವೆ. ಈ ಮೂರು ವಾರ ಅವುಗಳ ಮೇಲೆ ಕೆಲಸ ಮಾಡಿ, ಹೊಸ ಪುಸ್ತಕ ತರಬೇಡಿ, ಮಲಗುವ ಹೊತ್ತನ್ನು ಮುಂದೂಡಬೇಡಿ. ಒಂದು ಪತ್ರಿಕೆ ಬರೆದು ಬಂದ ಮೇಲೆ ಅದರ ಉತ್ತರ ಸರಿಯೋ ತಪ್ಪೋ ಎಂದು ಲೆಕ್ಕ ಹಾಕಲು ಕೂರಬೇಡಿ. ಮುಂದಿನ ಪತ್ರಿಕೆ ಇದೆ.

'ಅಂದುಕೊಂಡಷ್ಟು ಅಂಕ ಬರದಿದ್ದರೆ ಮಗುವಿಗೆ ಏನು ಹೇಳುವುದು?'

ಅದನ್ನು ಫಲಿತಾಂಶದ ದಿನ ಹೇಳಲು ಹೊರಟರೆ ತಡವಾಗಿರುತ್ತದೆ, ಆ ದಿನ ನಿಮ್ಮ ಮುಖವೇ ಎಲ್ಲ ಹೇಳಿಬಿಟ್ಟಿರುತ್ತದೆ. ಪರೀಕ್ಷೆಗೆ ಮುಂಚೆಯೇ, ಹೋಗಬಹುದಾದ ಎರಡು ಮೂರು ಶಾಲೆಗಳನ್ನು ಮಗುವಿನ ಜೊತೆ ಹೋಗಿ ನೋಡಿ ಬನ್ನಿ. ಅವುಗಳಲ್ಲಿ ಒಂದಾದರೂ ಕಡಿಮೆ ಅಂಕಕ್ಕೂ ಸಿಗುವಂಥದ್ದಾಗಿರಲಿ, ಅದರಲ್ಲಿ ನಿಮಗೆ ನಿಜವಾಗಿ ಮೆಚ್ಚುಗೆಯಾದದ್ದನ್ನು ಮಗುವಿನ ಎದುರು ಹೇಳಿ. ಮೆಚ್ಚುಗೆಯಾದದ್ದು ಏನೂ ಇಲ್ಲದಿದ್ದರೆ ಇನ್ನೊಂದು ಶಾಲೆ ಹುಡುಕುವ ಕೆಲಸ ನಿಮ್ಮದು, ಮಗುವಿನದಲ್ಲ.